ಗಿಡವಿದ್ದೂ ಮೀನಿಗೆ ಉಸಿರಿಲ್ಲ!

ಕಕ್ಕಡ ತಿಂಗಳ ಮಳೆ ಕೊಡಗಿನವರಿಗೆ ಹೊಸದಲ್ಲ. ಮೂರು ದಿನ ಸೂರ್ಯನ ಮುಖ ಕಾಣದಿರುವುದೂ ಹೊಸದಲ್ಲ, ಎಲ್ಲೋ ಒಂದು ಸಿಲ್ವರ್ ಓಕ್ ಮರ ತಂತಿಯ ಮೇಲೆ ಬಿದ್ದು ಎರಡು ರಾತ್ರಿ ಕರೆಂಟು ಇಲ್ಲದಿರುವುದೂ ಹೊಸದಲ್ಲ. ಕಳೆದ ವರ್ಷ ಅಂಥದೇ ಮಳೆ ರಜೆ ಮುಗಿದು ಶಾಲೆ ತೆರೆದ ದಿನ, ವರಾಂಡದಲ್ಲಿ ನಾನು ಕೊಡೆ ಮಡಚುತ್ತಿದ್ದಾಗ ಎಂಟನೆಯ ತರಗತಿಯ ಹುಡುಗನೊಬ್ಬ ಬಂದು ನಿಂತ. ಮುಖ ಬಾಡಿತ್ತು.

"ಸಾರ್, ನಮ್ಮ ಮೀನು ಸತ್ತುಹೋದ್ವು. ಏಳಿದ್ವು, ಆರು ಸತ್ತವು."

ಅವನ ಹುಟ್ಟುಹಬ್ಬಕ್ಕೆ ತಂದೆ ಮೈಸೂರಿನಿಂದ ಮೀನಿನ ತೊಟ್ಟಿ ತಂದುಕೊಟ್ಟಿದ್ದ ಸಂಗತಿ ಇಡೀ ತರಗತಿಗೇ ಗೊತ್ತಿತ್ತು. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಗಾಜಿನ ತೊಟ್ಟಿ. ಒಳಗೆ ಪ್ಲಾಸ್ಟಿಕ್ ಗಿಡವಲ್ಲ, ನಿಜವಾದ ಗಿಡಗಳು. ವ್ಯಾಲಿಸ್ನೇರಿಯ, ಹೈಡ್ರಿಲ್ಲ ಎಲ್ಲ ಸೊಂಪಾಗಿ ಬೆಳೆದಿದ್ದವು. ನಾನು ಸಮಾಧಾನದ ಮಾತು ಹುಡುಕುತ್ತಿರುವಾಗಲೇ ಅವನು ಇನ್ನೊಂದು ಮಾತು ಹೇಳಿದ. ಅದರಲ್ಲಿ ದೂರು ಇರಲಿಲ್ಲ, ನಿಜವಾದ ಗೊಂದಲವಿತ್ತು.

"ತೊಟ್ಟಿ ತುಂಬ ಗಿಡ ಇತ್ತು ಸಾರ್. ಗಿಡ ಆಮ್ಲಜನಕ ಕೊಡುತ್ತೆ ಅಂತ ನೀವೇ ಹೇಳಿದ್ರಿ."

ಹೌದು, ನಾನೇ ಹೇಳಿದ್ದೆ. ಬಿ.ಎಡ್. ಮುಗಿಸಿ ಕರಿಹಲಗೆಯ ಮುಂದೆ ನಿಂತ ಮೊದಲ ವರ್ಷದಿಂದ ಹೇಳುತ್ತಲೇ ಬಂದಿದ್ದೇನೆ: "ಪ್ರಾಣಿಗಳು ಆಮ್ಲಜನಕ ತೆಗೆದುಕೊಂಡು ಇಂಗಾಲದ ಡೈಆಕ್ಸೈಡ್ ಬಿಡುತ್ತವೆ, ಗಿಡಗಳು ಇಂಗಾಲದ ಡೈಆಕ್ಸೈಡ್ ತೆಗೆದುಕೊಂಡು ಆಮ್ಲಜನಕ ಬಿಡುತ್ತವೆ." ಪರೀಕ್ಷೆಯಲ್ಲಿ ಹೀಗೆ ಬರೆದವರಿಗೆ ಎರಡು ಅಂಕವನ್ನೂ ಕೊಟ್ಟಿದ್ದೇನೆ. ಆ ವಾಕ್ಯ ಸುಳ್ಳಲ್ಲ. ಆದರೆ ಅರ್ಧ. ಉಳಿದರ್ಧವನ್ನು ಹೇಳದೆ ಬಿಟ್ಟದ್ದರ ಬೆಲೆಯನ್ನು ಆ ಆರು ಮೀನುಗಳು ತೆತ್ತವು. ಆದ್ದರಿಂದ ಈ ವಾರ ಆ ಉಳಿದರ್ಧ ಪಾಠ.

ಹಗಲಿನ ಗಿಡ, ರಾತ್ರಿಯ ಗಿಡ

1771ರಲ್ಲಿ ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ ಗಾಜಿನ ಜಾಡಿಯೊಂದರಲ್ಲಿ ಮೇಣದಬತ್ತಿ ಉರಿದು ಆರುವಂತೆ ಮಾಡಿ, ಅದೇ ಗಾಳಿಯಲ್ಲಿ ಪುದೀನ ಸೊಪ್ಪಿನ ಕುಡಿಯೊಂದನ್ನು ಇಟ್ಟ. ಕೆಲವು ದಿನಗಳ ನಂತರ ಅದೇ ಗಾಳಿಯಲ್ಲಿ ಬತ್ತಿ ಮತ್ತೆ ಉರಿಯಿತು. ಕೆಟ್ಟ ಗಾಳಿಯನ್ನು ಗಿಡ ಸರಿಪಡಿಸುತ್ತದೆ ಎಂದು ಆತ ಹೇಳಿದ. ನಾವು ಪಾಠದಲ್ಲಿ ಸಾಮಾನ್ಯವಾಗಿ ಇಲ್ಲಿಗೇ ನಿಂತುಬಿಡುತ್ತೇವೆ.

ಇದಾದ ಎಂಟು ವರ್ಷಕ್ಕೆ, 1779ರಲ್ಲಿ, ಯಾನ್ ಇಂಗೆನ್‌ಹೌಸ್ ಎಂಬ ಡಚ್ ವೈದ್ಯ ನೀರಿನಲ್ಲಿ ಮುಳುಗಿದ ಎಲೆಗಳಿಂದ ಏಳುವ ಗುಳ್ಳೆಗಳನ್ನು ಕುಳಿತು ಗಮನಿಸಿದ. ಬಿಸಿಲಿದ್ದಾಗ ಗುಳ್ಳೆ ಬರುತ್ತದೆ, ಕತ್ತಲಾದರೆ ನಿಲ್ಲುತ್ತದೆ. ಗಿಡದ ಹಸಿರು ಭಾಗ ಮಾತ್ರ, ಅದೂ ಬೆಳಕಿನಲ್ಲಿ ಮಾತ್ರ, ಗಾಳಿಯನ್ನು ಶುದ್ಧ ಮಾಡುತ್ತದೆ. ಕತ್ತಲಲ್ಲಿ ಗಿಡವೂ ನಮ್ಮ ಹಾಗೆಯೇ ಗಾಳಿಯನ್ನು ಕೆಡಿಸುತ್ತದೆ ಎಂದು ಆತ ತೋರಿಸಿಕೊಟ್ಟ.

ಗಿಡಕ್ಕೆ ಎರಡು ಕೆಲಸ. ಒಂದು ಅಡುಗೆ, ಅಂದರೆ ದ್ಯುತಿಸಂಶ್ಲೇಷಣೆ. ಇದಕ್ಕೆ ಬೆಳಕು ಬೇಕು. ಇಂಗಾಲದ ಡೈಆಕ್ಸೈಡ್ ಒಳಗೆ ಹೋಗುತ್ತದೆ, ಆಮ್ಲಜನಕ ಹೊರಗೆ ಬರುತ್ತದೆ. ಇನ್ನೊಂದು ಉಸಿರಾಟ. ಇದು ದಿನದ 24 ಗಂಟೆಯೂ ನಡೆಯುತ್ತದೆ. ಆಮ್ಲಜನಕ ಒಳಗೆ, ಇಂಗಾಲದ ಡೈಆಕ್ಸೈಡ್ ಹೊರಗೆ, ಥೇಟು ಮೀನಿನ ಹಾಗೆಯೇ. ಹಗಲು ಅಡುಗೆಯ ಭರಾಟೆ ಜೋರಾಗಿರುವುದರಿಂದ ಉಸಿರಾಟದ ಲೆಕ್ಕ ಮುಚ್ಚಿಹೋಗಿ ಆಮ್ಲಜನಕ ಮಿಗುತ್ತದೆ. ದೀಪ ಆರಿದ ಮೇಲೆ ಮಿಗುವುದು ಉಸಿರಾಟ ಒಂದೇ.

ಹಾಗಾಗಿ ಗಿಡವಿರುವ ತೊಟ್ಟಿಯಲ್ಲಿ ಆಮ್ಲಜನಕ ಬೆಳಿಗ್ಗೆಯಿಂದ ಏರುತ್ತಾ ಹೋಗಿ ಸಂಜೆ ತುದಿ ಮುಟ್ಟುತ್ತದೆ. ರಾತ್ರಿಯಿಡೀ ಇಳಿಯುತ್ತಾ ಬೆಳಗಿನ ಜಾವಕ್ಕೆ ತಳ ಕಾಣುತ್ತದೆ. ಇಂಗಾಲದ ಡೈಆಕ್ಸೈಡ್ ಇದಕ್ಕೆ ಸರಿಯಾಗಿ ತಿರುಗುಮುರುಗು. ಮೀನು ಸಾಯುವುದು ಹೆಚ್ಚಾಗಿ ಬೆಳಗಿನ ಜಾವ ನಾಲ್ಕರಿಂದ ಆರರ ನಡುವೆ, ನಾವೆಲ್ಲ ಹೊದ್ದು ಮಲಗಿರುವ ಹೊತ್ತಿನಲ್ಲಿ.

ಅರ್ಧ ಗ್ರಾಮಿಗೂ ಕಡಿಮೆ

ನೀರಿನಲ್ಲಿ ಆಮ್ಲಜನಕ ಎಷ್ಟಿರುತ್ತದೆ ಎಂದು ಲೆಕ್ಕ ಹಾಕೋಣ. ನಾವು ಉಸಿರಾಡುವ ಒಂದು ಲೀಟರ್ ಗಾಳಿಯಲ್ಲಿ ಸುಮಾರು 210 ಮಿಲಿಲೀಟರ್ ಆಮ್ಲಜನಕವಿದೆ. ಒಂದು ಲೀಟರ್ ತಣ್ಣನೆಯ ನೀರಿನಲ್ಲಿ ಕರಗಿರುವುದು ಆರೇಳು ಮಿಲಿಲೀಟರ್ ಮಾತ್ರ. ಅಂದರೆ ಮೂವತ್ತರಲ್ಲಿ ಒಂದು ಪಾಲು. ತೂಕದಲ್ಲಿ ಹೇಳುವುದಾದರೆ ಸಮುದ್ರಮಟ್ಟದಲ್ಲಿ 20 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಲೀಟರಿಗೆ 9.1 ಮಿಲಿಗ್ರಾಂ, 30 ಡಿಗ್ರಿಯಲ್ಲಿ ಸುಮಾರು 7.5 ಮಿಲಿಗ್ರಾಂ. ನೀರು ಬಿಸಿಯಾದಷ್ಟೂ ಅನಿಲ ಹಿಡಿದಿಟ್ಟುಕೊಳ್ಳುವ ಶಕ್ತಿ ಕಡಿಮೆ.

ಇಲ್ಲಿ ಮಡಿಕೇರಿಯವರಿಗೊಂದು ವಿಶೇಷ ಲೆಕ್ಕವಿದೆ. "ನಮ್ಮ ನೀರು ತಣ್ಣಗಿದೆ, ಆದ್ದರಿಂದ ಮಂಗಳೂರಿನ ನೀರಿಗಿಂತ ಎಷ್ಟೋ ಹೆಚ್ಚು ಆಮ್ಲಜನಕ ಇರಬೇಕು" ಎಂದು ನೀವು ಹೇಳಬಹುದು. ಆದರೆ ನಾವಿರುವುದು ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿ. ಇಲ್ಲಿ ಗಾಳಿಯ ಒತ್ತಡ ಕಡಲತೀರಕ್ಕಿಂತ ಶೇಕಡಾ 13ರಷ್ಟು ಕಡಿಮೆ. ನೀರಿನಲ್ಲಿ ಕರಗುವ ಅನಿಲದ ಪ್ರಮಾಣ ನೀರಿನ ಮೇಲೆ ಆ ಅನಿಲದ ಒತ್ತಡ ಎಷ್ಟಿದೆಯೋ ಅದಕ್ಕೆ ತಕ್ಕಂತೆ ಇರುತ್ತದೆ ಎಂಬುದು 1803ರಲ್ಲಿ ವಿಲಿಯಂ ಹೆನ್ರಿ ಕಂಡುಕೊಂಡ ನಿಯಮ. ಹಾಗಾಗಿ 20 ಡಿಗ್ರಿಯ ಮಡಿಕೇರಿ ನೀರು ಹಿಡಿದುಕೊಳ್ಳುವುದು 9.1 ಅಲ್ಲ, ಸುಮಾರು 7.9 ಮಿಲಿಗ್ರಾಂ. ಚಳಿ ಕೊಟ್ಟದ್ದರಲ್ಲಿ ಬಹುಪಾಲನ್ನು ಬೆಟ್ಟ ಕಿತ್ತುಕೊಂಡಿತು!

ಈಗ ನಮ್ಮ ಹುಡುಗನ ತೊಟ್ಟಿಗೆ ಬರೋಣ. ಅಂಚಿನವರೆಗೆ ತುಂಬದೆ ಬಿಟ್ಟರೆ ಅದರಲ್ಲಿ ಸುಮಾರು 50 ಲೀಟರ್ ನೀರು. ಲೀಟರಿಗೆ 8 ಮಿಲಿಗ್ರಾಂನಂತೆ ಇಡೀ ತೊಟ್ಟಿಯಲ್ಲಿರುವ ಆಮ್ಲಜನಕ 400 ಮಿಲಿಗ್ರಾಂ, ಅರ್ಧ ಗ್ರಾಮಿಗೂ ಕಡಿಮೆ. ಒಂದು ಚಿಟಿಕೆ ಉಪ್ಪಿನ ತೂಕ! ಇದರಲ್ಲೇ ಏಳು ಮೀನು, ಬಸವನಹುಳು, ಗಿಡಗಳು, ತಳದ ಮರಳಿನಲ್ಲಿ ಕುಳಿತು ಕೊಳೆತ ಎಲೆ ಮತ್ತು ತಿನ್ನದೆ ಉಳಿದ ಆಹಾರವನ್ನು ಅರಗಿಸುವ ಕೋಟ್ಯಂತರ ಬ್ಯಾಕ್ಟೀರಿಯಗಳು, ಎಲ್ಲರೂ ರಾತ್ರಿ ಕಳೆಯಬೇಕು. ಲೀಟರಿಗೆ ಮೂರು-ನಾಲ್ಕು ಮಿಲಿಗ್ರಾಂಗಿಂತ ಕೆಳಗೆ ಇಳಿದರೆ ಬಹಳಷ್ಟು ಮೀನುಗಳಿಗೆ ಸಂಕಟ ಶುರು. ಅಂದರೆ ಇದ್ದ ಅರ್ಧ ಗ್ರಾಮಿನಲ್ಲೂ ಖರ್ಚಿಗೆ ಸಿಗುವುದು ಅರ್ಧ ಮಾತ್ರ.

ಹಾಗಾದರೆ ಎಲ್ಲ ತೊಟ್ಟಿಗಳಲ್ಲೂ ಮೀನು ಸಾಯಬೇಕಿತ್ತಲ್ಲ? ಸಾಯುವುದಿಲ್ಲ, ಏಕೆಂದರೆ ನೀರಿನ ಮೇಲ್ಮೈ ಎಂಬ ಬಾಗಿಲೊಂದಿದೆ. ನೀರು ಅಲುಗಾಡುತ್ತಿದ್ದರೆ ಅಲ್ಲಿಂದ ಆಮ್ಲಜನಕ ಒಳಗೆ ಬರುತ್ತದೆ, ಹೆಚ್ಚಾದ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುತ್ತದೆ. ಏರ್ ಪಂಪಿನ ಗುಳ್ಳೆಗಳಿಂದಲೇ ಆಮ್ಲಜನಕ ನೀರಿಗೆ ಸೇರುತ್ತದೆ ಎಂದು ಹಲವರು ತಿಳಿದಿದ್ದಾರೆ. ಅಷ್ಟಿಷ್ಟು ಸೇರುವುದು ನಿಜ. ಆದರೆ ಗುಳ್ಳೆಯ ದೊಡ್ಡ ಉಪಕಾರವೆಂದರೆ ತಳದ ನೀರನ್ನು ಮೇಲಕ್ಕೆ ಎತ್ತಿ ಮೇಲ್ಮೈಯನ್ನು ಕದಡುವುದು. ನಿಂತ ನೀರಿನಲ್ಲಿ ಆಮ್ಲಜನಕ ತಾನಾಗಿ ಹರಡುವ ವೇಗ ಗಾಳಿಯಲ್ಲಿ ಹರಡುವುದಕ್ಕಿಂತ ಹತ್ತು ಸಾವಿರ ಪಟ್ಟು ನಿಧಾನ. ಕದಡದಿದ್ದರೆ ಮೇಲಿನ ತೆಳುಪದರ ಮಾತ್ರ ತುಂಬಿ, ಕೆಳಗೆ ಬರಿದಾಗಿಯೇ ಇರುತ್ತದೆ.

ಯೀಸ್ಟಿಗೆ ಕರೆಂಟು ಬೇಡ

ಅಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಹುಡುಗನನ್ನು ಕೂರಿಸಿಕೊಂಡು ಒಂದೊಂದೇ ಕೇಳುತ್ತಾ ಹೋದೆ. ಆಗ ಹೊರಬಿದ್ದದ್ದು ಒಂದು ಬಾಟಲಿಯ ಕಥೆ.

ಗಿಡಗಳು ಚೆನ್ನಾಗಿ ಬೆಳೆಯಬೇಕಾದರೆ ಇಂಗಾಲದ ಡೈಆಕ್ಸೈಡ್ ಕೊಡಬೇಕು ಎಂದು ಅವನು ಎಲ್ಲೋ ತಿಳಿದುಕೊಂಡಿದ್ದ. ಅದು ಸರಿಯೇ. ಗಾಳಿಗೆ ತೆರೆದಿಟ್ಟ ನೀರಿನಲ್ಲಿ ತಾನಾಗಿ ಕರಗಿ ನಿಲ್ಲುವ ಇಂಗಾಲದ ಡೈಆಕ್ಸೈಡ್ ಲೀಟರಿಗೆ ಒಂದು ಮಿಲಿಗ್ರಾಂಗಿಂತಲೂ ಕಡಿಮೆ. ಗಿಡದ ತೊಟ್ಟಿ ಸಾಕುವ ಹವ್ಯಾಸಿಗಳು ಇದನ್ನು 20ರಿಂದ 30 ಮಿಲಿಗ್ರಾಂವರೆಗೆ ಏರಿಸುತ್ತಾರೆ. ಸಿಲಿಂಡರ್ ಕೊಳ್ಳಲಾಗದವರು ಮಾಡುವ ಉಪಾಯವೇ ಸಕ್ಕರೆ ಮತ್ತು ಯೀಸ್ಟ್: ಬಾಟಲಿಯಲ್ಲಿ ಸಕ್ಕರೆ ನೀರು, ಅದಕ್ಕೆ ಚಿಟಿಕೆ ಯೀಸ್ಟ್, ಮುಚ್ಚಳಕ್ಕೆ ತೂತು ಮಾಡಿ ಅಲ್ಲಿಂದ ತೊಟ್ಟಿಗೆ ಒಂದು ಕೊಳವೆ. ಯೀಸ್ಟ್ ಸಕ್ಕರೆಯನ್ನು ಹುದುಗಿಸಿ ಮದ್ಯಸಾರ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಒಡೆಯುತ್ತದೆ. ದೋಸೆ ಹಿಟ್ಟು ಉಬ್ಬುವುದಕ್ಕೂ ಹುದುಗುವಾಗ ಹುಟ್ಟುವ ಈ ಅನಿಲವೇ ಕಾರಣ. ನಮ್ಮ ಹುಡುಗ ಒಂದು ದೊಡ್ಡ ಲೋಟ, ಅಂದರೆ ಸುಮಾರು 200 ಗ್ರಾಂ ಸಕ್ಕರೆ ಹಾಕಿದ್ದ.

ಲೆಕ್ಕ ನೋಡಿ. 50 ಲೀಟರ್ ನೀರನ್ನು 30 ಮಿಲಿಗ್ರಾಂ ಮಟ್ಟಕ್ಕೆ ಏರಿಸಲು ಬೇಕಾದ ಇಂಗಾಲದ ಡೈಆಕ್ಸೈಡ್ ಒಂದೂವರೆ ಗ್ರಾಂ. ಅಷ್ಟು ಅನಿಲ ಬರಲು ಮೂರು ಗ್ರಾಂ ಸಕ್ಕರೆ ಸಾಕು, ಒಂದು ಚಹಾ ಚಮಚಕ್ಕೂ ಕಡಿಮೆ! 200 ಗ್ರಾಂ ಸಕ್ಕರೆ ಪೂರ್ತಿ ಹುದುಗಿದರೆ ನೂರು ಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಅಷ್ಟೂ ಒಮ್ಮೆಗೇ ಬರುವುದಿಲ್ಲ, ಬಂದದ್ದೆಲ್ಲ ನೀರಿನಲ್ಲಿ ಕರಗುವುದೂ ಇಲ್ಲ ಎನ್ನಿ. ಆದರೂ ಎಚ್ಚರ ತಪ್ಪಲು ಇಷ್ಟು ಸಾಕು.

ಉಳಿದ ದಿನಗಳಲ್ಲಿ ಏನಾಗುತ್ತಿತ್ತು? ಹಗಲು ದೀಪದ ಬೆಳಕಿನಲ್ಲಿ ಗಿಡಗಳು ಈ ಅನಿಲವನ್ನು ಬಳಸಿಕೊಳ್ಳುತ್ತಿದ್ದವು, ಮಿಕ್ಕದ್ದನ್ನು ಏರ್ ಪಂಪ್ ಹೊರಗೆ ಓಡಿಸುತ್ತಿತ್ತು. ಆ ಮಳೆಯಲ್ಲಿ ಕರೆಂಟು ಹೋಯಿತು. ದೀಪ ಆರಿತು. ಪಂಪ್ ನಿಂತಿತು. ಕಿಟಕಿಯಿಂದ ಬರುವ ಬೆಳಕೂ ಮೋಡದ್ದು. ಆದರೆ ಯೀಸ್ಟಿಗೆ ಕರೆಂಟು ಬೇಡ! ಅದು ಎರಡು ಹಗಲು, ಎರಡು ರಾತ್ರಿ ತನ್ನ ಪಾಡಿಗೆ ಕೆಲಸ ಮಾಡುತ್ತಲೇ ಇತ್ತು. ಗಿಡಗಳು ಮೀನಿಗೆ ಉಸಿರು ಕೊಡುವುದಿರಲಿ, ಮೀನಿನ ಪಾಲಿನ ಆಮ್ಲಜನಕಕ್ಕೇ ಕೈ ಹಾಕಿದ್ದವು.

ತಳ್ಳುವುದಿಲ್ಲ, ಆದರೆ ತಡೆಯುತ್ತದೆ

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ತೆಗೆದುಹಾಕಬೇಕು. "ಇಂಗಾಲದ ಡೈಆಕ್ಸೈಡ್ ಹೆಚ್ಚಾದರೆ ಅದು ಆಮ್ಲಜನಕವನ್ನು ನೀರಿನಿಂದ ಹೊರಗೆ ತಳ್ಳುತ್ತದೆ" ಎಂದು ಮಕ್ಕಳು ಬರೆಯುವುದುಂಟು. ಹಾಗಿಲ್ಲ. ಬಸ್ಸಿನ ಸೀಟಿನಂತೆ ಒಬ್ಬರು ಕುಳಿತರೆ ಇನ್ನೊಬ್ಬರಿಗೆ ಜಾಗವಿಲ್ಲ ಎಂಬ ಲೆಕ್ಕ ಇಲ್ಲಿ ನಡೆಯದು. ಪ್ರತಿಯೊಂದು ಅನಿಲವೂ ತನ್ನ ಒತ್ತಡಕ್ಕೆ ತಕ್ಕಂತೆ, ಇನ್ನೊಂದರ ಹಂಗಿಲ್ಲದೆ ಕರಗುತ್ತದೆ. ಎರಡೂ ಹೆಚ್ಚಾಗಿರುವ ನೀರು ಇರಬಹುದು, ಎರಡೂ ಕಡಿಮೆ ಇರುವ ನೀರೂ ಇರಬಹುದು.

ಹಾಗಾದರೆ ತೊಂದರೆ ಎಲ್ಲಿ? ಮೀನಿನ ರಕ್ತದಲ್ಲಿ. ಮೀನು ತನ್ನ ದೇಹದಲ್ಲಿ ಹುಟ್ಟಿದ ಇಂಗಾಲದ ಡೈಆಕ್ಸೈಡನ್ನು ಕಿವಿರುಗಳ ಮೂಲಕ ನೀರಿಗೆ ಬಿಡಬೇಕು. ರಕ್ತದಲ್ಲಿ ಹೆಚ್ಚು, ನೀರಿನಲ್ಲಿ ಕಡಿಮೆ ಇದ್ದರೆ ಅದು ಸಲೀಸಾಗಿ ಹರಿದು ಹೋಗುತ್ತದೆ. ನೀರಿನಲ್ಲೇ ತುಂಬಿದ್ದರೆ? ಮಳೆಗಾಲದಲ್ಲಿ ಹೊಳೆ ತುಂಬಿದಾಗ ಗದ್ದೆಯ ನೀರು ಇಳಿಯದೆ ನಿಲ್ಲುವುದಿಲ್ಲವೆ, ಹಾಗೆ ರಕ್ತದಲ್ಲೇ ನಿಲ್ಲುತ್ತದೆ. ರಕ್ತ ಆಮ್ಲೀಯವಾಗುತ್ತದೆ. ಆಗ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿದುಕೊಳ್ಳುವ ಬಿಗಿಯನ್ನು ಕಳೆದುಕೊಳ್ಳುತ್ತದೆ. ಇದನ್ನು 1904ರಲ್ಲಿ ವಿವರಿಸಿದವರು ಡೆನ್ಮಾರ್ಕಿನ ಕ್ರಿಶ್ಚಿಯನ್ ಬೋರ್. ಪರಮಾಣು ಮಾದರಿಯ ಪಾಠದಲ್ಲಿ ಬರುವ ನೀಲ್ಸ್ ಬೋರ್ ಇವರ ಮಗ. ಅಂದರೆ ನೀರಿನಲ್ಲಿ ಆಮ್ಲಜನಕ ಇದ್ದರೂ ಮೀನಿಗೆ ಅದನ್ನು ಹಿಡಿಯಲಾಗದು. ಊಟ ಬಡಿಸಿದೆ, ಕೈ ಕಟ್ಟಿದೆ. ಇನ್ನು ಆಮ್ಲಜನಕವೂ ಕಡಿಮೆಯಾದರೆ ಹೇಳುವುದೇ ಬೇಡ.

ಉಳಿದ ಏಳನೆಯ ಮೀನು ಯಾವುದು ಎಂದು ಕೇಳಿದೆ. "ಗೌರಾಮಿ ಸಾರ್" ಎಂದ. ನನ್ನ ಅನುಮಾನಕ್ಕೆ ಅದು ಪುಷ್ಟಿ ಕೊಟ್ಟಿತು. ಗೌರಾಮಿಗೆ ಕಿವಿರುಗಳ ಮೇಲ್ಭಾಗದಲ್ಲಿ ಸುರುಳಿಸುರುಳಿಯಾದ ಒಂದು ವಿಶೇಷ ಅಂಗವಿದೆ. ಅದು ನೀರಿನ ಮೇಲೆ ಬಂದು ನೇರವಾಗಿ ಗಾಳಿಯನ್ನೇ ನುಂಗಿ ಆಮ್ಲಜನಕ ಪಡೆಯಬಲ್ಲದು. ನಮ್ಮ ಗದ್ದೆಯ ಕೆಸರು ನೀರಿನಲ್ಲಿ ಬದುಕುವ ಕೊರವ ಮೀನಿಗೂ ಗಾಳಿ ನುಂಗುವ ಇಂಥದೇ ಸಾಮರ್ಥ್ಯವಿದೆ.

ಸತ್ತ ಆರು ಮೀನುಗಳೋ, ಮೈಮೇಲೆ ಕೆಂಪು-ಕಪ್ಪು ಪಟ್ಟೆಯ ಡೆನಿಸನ್ ಬಾರ್ಬ್. ಅಂಗಡಿಗಳಲ್ಲಿ "ಮಿಸ್ ಕೇರಳ" ಎಂದು ಮಾರುತ್ತಾರೆ. 1865ರಲ್ಲಿ ಫ್ರಾನ್ಸಿಸ್ ಡೇ ಇದನ್ನು ಮೊದಲು ವಿವರಿಸಿ, ಆಗಿನ ಮದರಾಸಿನ ಗವರ್ನರ್ ಡೆನಿಸನ್ ಹೆಸರಿಟ್ಟ. ಇದು ನಮ್ಮ ಪಶ್ಚಿಮ ಘಟ್ಟದ್ದೇ ಮೀನು. ಜಗತ್ತಿನಲ್ಲಿ ಬೇರೆಲ್ಲೂ ತಾನಾಗಿ ಹುಟ್ಟುವುದಿಲ್ಲ. ಕೊಡಗಿನ ಬ್ರಹ್ಮಗಿರಿ ಕಾಡಿನಿಂದ ಇಳಿದು ಕೇರಳಕ್ಕೆ ಹೋಗುವ ವಳಪಟ್ಟಣಂ ನದಿ ಇದರ ಮನೆಗಳಲ್ಲಿ ಒಂದು. ಅಳಿವಿನ ಅಂಚಿನ ಪಟ್ಟಿಯಲ್ಲಿ ಇದರ ಹೆಸರಿದೆ. ಕಲ್ಲಿಗೆ ಬಡಿದು ನೊರೆಯೇಳುವ ಹೊಳೆಯಲ್ಲಿ, ಸದಾ ಗಾಳಿ ಬೆರೆತ ನೀರಿನಲ್ಲಿ ಬದುಕಿದ ಕುಲ ಅದು. ಗಾಳಿ ನುಂಗುವ ಅಂಗ ಅದಕ್ಕೆ ಯಾವತ್ತೂ ಬೇಕಾಗಿಯೇ ಇರಲಿಲ್ಲ. ಒಂದು ಗೇಣಿನ ಹತ್ತಿರಕ್ಕೆ ಬೆಳೆಯುವ ಈ ಈಜುಗಾರನಿಗೆ ಎರಡಡಿಯ ತೊಟ್ಟಿ ಮೊದಲೇ ಸಾಲದು. ಮೀನು ಕೊಳ್ಳುವಾಗ ಬಣ್ಣ ನೋಡುತ್ತೇವೆ, ಬೆಲೆ ಕೇಳುತ್ತೇವೆ. ಅದು ಎಂಥ ನೀರಿನದು ಎಂದು ಕೇಳುವುದಿಲ್ಲ.

ಸಮತೋಲನ ಕಾಯುವುದು ಹೇಗೆ?

ಗಿಡ ಮತ್ತು ಮೀನು ಒಂದಕ್ಕೊಂದು ಆಸರೆಯಾಗಿ ಬದುಕುವುದು ಸಾಧ್ಯವೇ ಇಲ್ಲ ಎಂದಲ್ಲ. 1850ರಲ್ಲಿ ಲಂಡನ್ನಿನ ರಸಾಯನ ವಿಜ್ಞಾನಿ ರಾಬರ್ಟ್ ವಾರಿಂಗ್ಟನ್ ತನ್ನ ತೊಟ್ಟಿಯ ವಿಚಾರವನ್ನು ಅಲ್ಲಿನ ಕೆಮಿಕಲ್ ಸೊಸೈಟಿಯ ಮುಂದಿಟ್ಟ. ಎರಡು ಗೋಲ್ಡ್ ಫಿಶ್, ಒಂದು ವ್ಯಾಲಿಸ್ನೇರಿಯ ಗಿಡ. ಮೊದಲು ಚೆನ್ನಾಗಿತ್ತು, ಆಮೇಲೆ ಹಳೆಯ ಎಲೆಗಳು ಕೊಳೆತು ನೀರು ಕದಡಿತು. ಆತ ಕೆಲವು ಬಸವನಹುಳುಗಳನ್ನು ಬಿಟ್ಟ. ಅವು ಕೊಳೆತ ಎಲೆಯನ್ನು ತಿಂದವು, ಅವುಗಳ ಮೊಟ್ಟೆ ಮೀನಿಗೆ ಆಹಾರವಾಯಿತು, ನೀರು ತಿಳಿಯಾಯಿತು. ಆದರೆ ಒಂದು ಮಾತು ಗಮನಿಸಿ: ತೊಟ್ಟಿ ದೊಡ್ಡದು, ಮೀನು ಎರಡೇ. ಸಮತೋಲನದ ಗುಟ್ಟು ಅರ್ಧ ಅಲ್ಲೇ ಇದೆ.

ಮನೆಯಲ್ಲಿ ಗಿಡದ ತೊಟ್ಟಿ ಇಟ್ಟವರು, ಇಡಬೇಕೆಂದಿರುವವರು ಈ ಕೆಲವು ಅಂಶಗಳನ್ನು ನೆನಪಿಡಿ.

ಒಂದು, ಮೀನು ಕಡಿಮೆ ಇರಲಿ, ತಿನಿಸೂ ಕಡಿಮೆ ಇರಲಿ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಹಾಕಿ. ಉಳಿದದ್ದು ಕೊಳೆಯುವಾಗ ಮೀನಿನ ಆಮ್ಲಜನಕವನ್ನೇ ತಿನ್ನುತ್ತದೆ. ಹಳದಿಯಾದ ಎಲೆಗಳನ್ನು ಆಗಾಗ ತೆಗೆಯಿರಿ.

ಎರಡು, ಅನಿಲದ ಬಾಟಲಿಯ ಗೊಡವೆ ಬೇಡ ಎನ್ನುವವರು ನಿಧಾನ ಬೆಳೆಯುವ, ಹೆಚ್ಚು ಬೆಳಕು ಬೇಡದ ಗಿಡಗಳನ್ನು ಇಟ್ಟುಕೊಳ್ಳಿ. ದಿನಕ್ಕೆ ಆರರಿಂದ ಎಂಟು ಗಂಟೆ ದೀಪ ಸಾಕು. ಮಕ್ಕಳು ಮೊದಲು ಮಾಡಬೇಕಾದದ್ದು ಇದನ್ನೇ.

ಮೂರು, ಇಂಗಾಲದ ಡೈಆಕ್ಸೈಡ್ ಕೊಡಲೇಬೇಕೆಂದಿದ್ದರೆ ದೀಪ ಉರಿಯುವಾಗ ಮಾತ್ರ ಕೊಡಿ. ದೀಪ ಆರುವ ಒಂದು ಗಂಟೆ ಮೊದಲೇ ನಿಲ್ಲಿಸಿ. ಯೀಸ್ಟ್ ಬಾಟಲಿಯನ್ನು ನಿಲ್ಲಿಸಲು ಬರುವುದಿಲ್ಲ, ಅದರ ದೊಡ್ಡ ದೋಷವೇ ಅದು. ಹಾಗೆಂದು ಕೊಳವೆಯನ್ನು ಬಿಗಿಯಾಗಿ ಮುಚ್ಚಬೇಡಿ, ಒತ್ತಡ ಹೆಚ್ಚಿ ಬಾಟಲಿ ಒಡೆದೀತು. ರಾತ್ರಿ ಕೊಳವೆಯನ್ನು ತೊಟ್ಟಿಯಿಂದ ತೆಗೆದು ಹೊರಗೆ ಬಿಡಿ. ಬಿಟ್ಟ ತುದಿ ತೊಟ್ಟಿಯ ನೀರಿಗಿಂತ ಮೇಲೆಯೇ ಇರಲಿ.

ನಾಲ್ಕು, ಹಗಲು ಮೇಲ್ಮೈ ಮೆಲ್ಲಗೆ ಅಲುಗಲಿ, ರಾತ್ರಿ ಚೆನ್ನಾಗಿ ಕದಡಲಿ. ನೀರನ್ನು ಕದಡಿದರೆ ಗಿಡಕ್ಕೆಂದು ಕೊಟ್ಟ ಅನಿಲ ಹಾರಿಹೋಗುತ್ತದೆ ಎಂದು ಕೆಲವರು ಪಂಪನ್ನೇ ನಿಲ್ಲಿಸುತ್ತಾರೆ. ಗಿಡ ಸ್ವಲ್ಪ ನಿಧಾನ ಬೆಳೆದರೆ ಯಾರೂ ಸಾಯುವುದಿಲ್ಲ.

ಐದು, ಕರೆಂಟು ಹೋದಾಗ ಮೀನಿಗೆ ತಿನಿಸು ಹಾಕಬೇಡಿ. ಎರಡು ದಿನ ಉಪವಾಸವಿದ್ದರೆ ಅವಕ್ಕೆ ಏನೂ ಆಗದು. ಚೊಂಬಿನಲ್ಲಿ ತೊಟ್ಟಿಯ ನೀರನ್ನೇ ಎತ್ತಿ ಒಂದಡಿ ಮೇಲಿನಿಂದ ಮತ್ತೆ ತೊಟ್ಟಿಗೆ ಸುರಿಯಿರಿ. ಹತ್ತಿಪ್ಪತ್ತು ಸಲ, ಎರಡು ಗಂಟೆಗೊಮ್ಮೆ. ಮಲಗುವ ಮುಂಚೆ ಒಮ್ಮೆ, ಎದ್ದ ಕೂಡಲೇ ಒಮ್ಮೆ ತಪ್ಪಿಸಬೇಡಿ. ಅಬ್ಬಿ ಜಲಪಾತ ಮಾಡುವ ಕೆಲಸವನ್ನೇ ನೀವು ಚೊಂಬಿನಲ್ಲಿ ಮಾಡುತ್ತಿದ್ದೀರಿ ಎಂದುಕೊಳ್ಳಿ.

ತೊಟ್ಟಿಯಿಂದ ತೋಡಿಗೆ

ಮರುದಿನ ಹುಡುಗನ ತಂದೆ ಶಾಲೆಗೆ ಬಂದರು. ಸಣ್ಣ ಕಾಫಿ ಬೆಳೆಗಾರರು. ಮಗ ಎರಡು ದಿನದಿಂದ ಸರಿಯಾಗಿ ಊಟ ಮಾಡುತ್ತಿಲ್ಲ ಎಂಬ ಚಿಂತೆ ಅವರಿಗೆ. ನಾನು ಇಷ್ಟೆಲ್ಲ ವಿವರಿಸಿದ ಮೇಲೆ, ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು:

"ಸಾರ್, ನಮ್ಮ ತೋಟದ ಕೆರೆಯಲ್ಲೂ ಮೋಡ ಕವಿದ ದಿನ ಬೆಳಿಗ್ಗೆ ಕಾಟ್ಲ ಮೀನು ಮೇಲೆ ಬಂದು ಬಾಯಿ ಬಾಯಿ ಬಿಡ್ತವೆ. ಅದೂ ಇದೇನಾ?"

ಇದೇ. ಹೂಮಳೆ ಕೈಕೊಟ್ಟಾಗ ಸ್ಪ್ರಿಂಕ್ಲರಿಗೆಂದು ತೋಡಿಸಿದ ಕೆರೆಗಳಲ್ಲಿ ಮೀನು ಬಿಡುವವರು ನಮ್ಮಲ್ಲಿ ಬಹಳ. ಗೊಬ್ಬರದ ಅಂಶ ಹರಿದು ಬಂದು ನೀರು ಹಸಿರಾಗಿದ್ದರೆ ಅದು ಕಣ್ಣಿಗೆ ಕಾಣದ ಪಾಚಿ ಗಿಡಗಳ ಕಾಡು. ಬಿಸಿಲಿದ್ದ ದಿನ ಬೇಕಾದಷ್ಟು ಆಮ್ಲಜನಕ, ಮೋಡವಿದ್ದ ದಿನದ ಮರುಬೆಳಿಗ್ಗೆ ಬರ. ಬೆಳಿಗ್ಗೆ ಮೀನು ಮೇಲೆ ಬಂದರೆ ಪಂಪಿನಿಂದ ಅದೇ ಕೆರೆಯ ನೀರನ್ನು ಎತ್ತಿ ಚಿಮ್ಮಿಸಿ ಮತ್ತೆ ಕೆರೆಗೇ ಬಿಡಬೇಕು. ಆ ದಿನ ಮೀನಿಗೆ ತಿಂಡಿಯೂ ಬೇಡ, ಕೆರೆಗೆ ಗೊಬ್ಬರವೂ ಬೇಡ.

ಮಾತು ಅಲ್ಲಿಂದ ಪಲ್ಪರ್ ನೀರಿಗೆ ಹೋಯಿತು. ಇದನ್ನು ಬರೆಯಲು ನನಗೆ ಸ್ವಲ್ಪ ಸಂಕೋಚ. ನಮ್ಮ ಜಿಲ್ಲೆಯ ಅನ್ನ ಕಾಫಿಯದು, ನನ್ನ ಸಂಬಂಧಿಕರಲ್ಲೂ ಬೆಳೆಗಾರರೇ ಹೆಚ್ಚು. ಆದರೂ ಹೇಳಬೇಕು. ಹಣ್ಣಿನ ಸಿಪ್ಪೆ ಸುಲಿದು ಬೀಜ ತೊಳೆದ ನೀರಿನಲ್ಲಿ ಇರುವುದೇನು? ಸಕ್ಕರೆ ಮತ್ತು ಲೋಳೆ. ಅದನ್ನು ತೋಡಿಗೆ ಬಿಟ್ಟರೆ ಬ್ಯಾಕ್ಟೀರಿಯಗಳಿಗೆ ಹಬ್ಬ. ಒಂದು ಲೀಟರ್ ಪಲ್ಪರ್ ನೀರನ್ನು ಅರಗಿಸಲು ಅವುಗಳಿಗೆ ಸಾವಿರಾರು ಮಿಲಿಗ್ರಾಂ ಆಮ್ಲಜನಕ ಬೇಕು. ತೋಡಿನ ಒಂದು ಲೀಟರ್ ನೀರಿನಲ್ಲಿ ಇರುವುದು ಎಂಟು! ಅಂದರೆ ಒಂದು ಕೊಡ ಪಲ್ಪರ್ ನೀರು ನೂರಾರು ಕೊಡ ತೋಡಿನ ನೀರಿನ ಉಸಿರನ್ನು ಕಟ್ಟಬಲ್ಲದು. ಅದೂ ಡಿಸೆಂಬರ್, ಜನವರಿಯಲ್ಲಿ, ಹೊಳೆಯಲ್ಲಿ ನೀರು ಇಳಿಯುತ್ತಿರುವ ಕಾಲದಲ್ಲಿ. ಹುಡುಗನ ತೊಟ್ಟಿಯಲ್ಲಿ ಒಂದು ಲೋಟ ಸಕ್ಕರೆ ಮಾಡಿದ್ದಕ್ಕಿಂತ ಇದು ಬೇರೆಯಲ್ಲ. ತೊಟ್ಟಿ ದೊಡ್ಡದು, ಅಷ್ಟೆ. ಆ ತೊಟ್ಟಿಯ ಹೆಸರು ಕಾವೇರಿ.

ಪಲ್ಪರ್ ನೀರನ್ನು ಹೊಂಡದಲ್ಲಿ ಹಿಡಿದು, ಸುಣ್ಣ ಹಾಕಿ ಹುಳಿ ಕಳೆದು, ಕೊಳೆಯಲು ಬಿಟ್ಟು, ಆಮೇಲೆ ಗಾಳಿಯಾಡಿಸಿ ಶುದ್ಧ ಮಾಡುವ ವಿಧಾನ ಹೊಸದೇನಲ್ಲ. ಕಾನೂನೂ ಅದನ್ನೇ ಕೇಳುತ್ತದೆ. ಖರ್ಚಿದೆ, ಜಾಗ ಬೇಕು, ನಿಜ. ಆ ತಂದೆ ನನ್ನ ಮಾತಿಗೆ ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. "ನೋಡುವ ಸಾರ್" ಎಂದು ಕೊಡೆ ಬಿಡಿಸಿಕೊಂಡು ಹೋದರು.

ಮಾಡಿ ನೋಡಿ

ವಿದ್ಯಾರ್ಥಿಗಳಿಗೆ ಎರಡು ಪ್ರಯೋಗ. ಮೊದಲನೆಯದಕ್ಕೆ ಗಡಿಯಾರ ಮತ್ತು ತಾಳ್ಮೆ ಮಾತ್ರ ಸಾಕು. ಸಂಜೆ ದೀಪ ಆರಿಸುವ ಮುಂಚೆ ಒಂದು ಮೀನನ್ನು ಆರಿಸಿಕೊಂಡು, ಅದರ ಕಿವಿರು ಮುಚ್ಚಳ ಒಂದು ನಿಮಿಷದಲ್ಲಿ ಎಷ್ಟು ಸಲ ತೆರೆದು ಮುಚ್ಚುತ್ತದೆ ಎಂದು ಎಣಿಸಿ ಬರೆದಿಡಿ. ಮರುದಿನ ಬೆಳಿಗ್ಗೆ ದೀಪ ಹಾಕುವ ಮುಂಚೆ ಅದೇ ಮೀನನ್ನು ಮತ್ತೆ ಎಣಿಸಿ. ಒಂದು ವಾರ ಮಾಡಿ. ಬೆಳಗಿನ ಎಣಿಕೆ ಸಂಜೆಯದಕ್ಕಿಂತ ಬಹಳ ಹೆಚ್ಚಾಗಿದ್ದರೆ, ಮೀನು ಮೇಲ್ಮೈಯ ಹತ್ತಿರವೇ ತೇಲುತ್ತಿದ್ದರೆ, ನಿಮ್ಮ ತೊಟ್ಟಿ ರಾತ್ರಿಯಲ್ಲಿ ಉಸಿರುಗಟ್ಟುತ್ತಿದೆ ಎಂದರ್ಥ.

ಎರಡನೆಯದಕ್ಕೆ ಶಾಲೆಯ ಪ್ರಯೋಗಾಲಯದ ಬ್ರೋಮೊಥೈಮಾಲ್ ಬ್ಲೂ ದ್ರಾವಣ ಬೇಕು. ಬೀಕರಿನ ನೀರಿಗೆ ಕೆಲವು ಹನಿ ಹಾಕಿ, ಸ್ಟ್ರಾದಿಂದ ಉಸಿರು ಊದಿ. ಊದಿ ಎಂದೆ, ಹೀರಬೇಡಿ! ನಿಮ್ಮ ಉಸಿರಿನ ಇಂಗಾಲದ ಡೈಆಕ್ಸೈಡಿನಿಂದ ನೀರು ಹಳದಿಯಾಗುತ್ತದೆ. ಇದನ್ನು ಮೂರು ಪ್ರನಾಳಗಳಿಗೆ ಹಂಚಿ. ಮೊದಲನೆಯದರಲ್ಲಿ ಹೈಡ್ರಿಲ್ಲ ಕುಡಿ ಹಾಕಿ ಬಿಸಿಲಿಗಿಡಿ. ಎರಡನೆಯದರಲ್ಲೂ ಹೈಡ್ರಿಲ್ಲ ಹಾಕಿ, ಕಪ್ಪು ಕಾಗದ ಸುತ್ತಿ ಇಡಿ. ಮೂರನೆಯದು ಗಿಡವಿಲ್ಲದೆ ಬಿಸಿಲಿನಲ್ಲಿರಲಿ. ಮೂರಕ್ಕೂ ಬಿರಡೆ ಹಾಕಿ. ಕೆಲವು ಗಂಟೆಗಳ ಮೇಲೆ ಬಣ್ಣ ಬದಲಾಗುವುದು ಯಾವುದರಲ್ಲಿ, ಏಕೆ? ಉತ್ತರವನ್ನು ನಾನು ಹೇಳುವುದಿಲ್ಲ. ಇಂಗೆನ್‌ಹೌಸ್‌ಗೂ ಯಾರೂ ಹೇಳಿರಲಿಲ್ಲ.

ನಮ್ಮ ಹುಡುಗ ಮೊದಲ ಪ್ರಯೋಗವನ್ನು ಉಳಿದ ಗೌರಾಮಿಯ ಮೇಲೆ ಮಾಡಿದ. ಮೂರು ವಾರದ ಎಣಿಕೆಯನ್ನು ನೋಟುಪುಸ್ತಕದಲ್ಲಿ ಬರೆದು ತಂದು ತೋರಿಸಿದ. ಯೀಸ್ಟ್ ಬಾಟಲಿ ಹೋಗಿತ್ತು. ಹೊಸ ಮೀನು ತರಲೇ ಎಂದು ಅವನ ಅಪ್ಪ ಕೇಳಿದಾಗ "ಈಗಲೇ ಬೇಡಪ್ಪ, ಇನ್ನೂ ಒಂದು ತಿಂಗಳು ನೋಡುವ" ಎಂದನಂತೆ. ಈ ಜನವರಿಯಲ್ಲಿ ಅವರ ತೋಟದ ಕಡೆ ಹೋಗಿದ್ದೆ. ಪಲ್ಪರ್ ಮನೆಯ ಕೆಳಗೆ ಎರಡು ಹೊಂಡಗಳು ಎದ್ದು ಕಾಣುತ್ತಿದ್ದವು, ಅಂಚಿನಲ್ಲಿ ಸುಣ್ಣದ ಚೀಲ. ನಾನಾಗಿ ಏನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಕಾಫಿ ಕೊಟ್ಟರು, ಕುಡಿದು ಬಂದೆ.

ಈ ವರ್ಷದಿಂದ ತರಗತಿಯಲ್ಲಿ ನನ್ನ ವಾಕ್ಯ ಬದಲಾಗಿದೆ: "ಗಿಡಗಳು ಬೆಳಕಿದ್ದಾಗ ತಾವು ಉಸಿರಾಡಿ ಮಿಕ್ಕಷ್ಟು ಆಮ್ಲಜನಕ ಕೊಡುತ್ತವೆ. ಕತ್ತಲಲ್ಲಿ ಅವೂ ನಮ್ಮಂತೆಯೇ." ವಾಕ್ಯ ಸ್ವಲ್ಪ ಉದ್ದವಾಯಿತು. ಪರೀಕ್ಷೆಯಲ್ಲಿ ಪೂರ್ತಿ ಬರೆದವರಿಗೆ ಮಾತ್ರ ಎರಡು ಅಂಕ.